ಶಾಖೆಯಿಲ್ಲದ ಊರಿನ ಠೇವಣಿ

ಮದುವೆಯೂಟದ ಪಂಕ್ತಿಯಲ್ಲಿ ಕೂತವರನ್ನು ವಯೋಮಾನದ ಪ್ರಕಾರ ವಿಂಗಡಿಸುವ ದುರಭ್ಯಾಸವೊಂದು ಇತ್ತೀಚೆಗೆ ನನಗೆ ಅಂಟಿಕೊಂಡಿದೆ. ಎದುರಿಗೆ ಹೋಳಿಗೆ ಮುರಿಯುತ್ತಿರುವ ಹತ್ತಿ ವ್ಯಾಪಾರಿ, ಬಂಧುವಾಗಿ ಕಾಣುವ ಮೊದಲು ‘ಐವತ್ತು ದಾಟಿದ, ಸ್ವಂತ ಮನೆಯುಳ್ಳ, ಠೇವಣಿಗೆ ಯೋಗ್ಯ’ ಜೀವಿಯಾಗಿ ಕಾಣುತ್ತಾನೆ. ‘ಮೊದ್ಲು ಉಣ್ರಿ, ಜನಗಣತಿ ಆಮ್ಯಾಲೆ ಮಾಡೀರಂತ’ ಎಂದು ಹೆಂಡತಿ ತಿವಿದ ಮೇಲೆಯೇ ನನ್ನ ಕೈ ಎಲೆಗಿಳಿಯುವುದು.

ತಪ್ಪು ನನ್ನದಲ್ಲ, ಉದ್ಯೋಗದ್ದು. ಆದೋನಿಯ ಬ್ಯಾಂಕ್ ಶಾಖೆಯೊಂದಕ್ಕೆ ನಾನು ಮ್ಯಾನೇಜರು. ಆಸ್ಪರಿ ಕಡೆಯ ಹಳ್ಳಿಯೊಂದರಲ್ಲಿ ಹೊಸ ಶಾಖೆ ತೆರೆಯಬಹುದೇ, ಸಾರ್ವಜನಿಕವಾಗಿ ಸಿಗುವ ಅಂಕಿಅಂಶ ನೋಡಿ ವರದಿ ಕೊಡಿ ಎಂದು ಮೇಲಿನವರು ಕೇಳಿದರು. ಜನಸಂಖ್ಯೆ, ಸಾಕ್ಷರತೆ, ಊರೂರಿನ ಬ್ಯಾಂಕ್ ಠೇವಣಿ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿಕೊಂಡು, ಫ್ಯಾನಿನ ಕೆಳಗೆ ಕೂತು, ಬಣ್ಣಬಣ್ಣದ ಕೋಷ್ಟಕ ಹೆಣೆದೆ. ಆ ಹಳ್ಳಿಯ ಠೇವಣಿ ಸೊನ್ನೆ! ‘ಗ್ರಾಮಸ್ಥರಲ್ಲಿ ಉಳಿತಾಯ ಪ್ರವೃತ್ತಿಯ ಅಭಾವ ಎದ್ದು ಕಾಣುತ್ತದೆ, ಶಾಖೆ ಅನವಶ್ಯಕ’ ಎಂದು ಬರೆದು, ನನ್ನ ವಾಕ್ಯಕ್ಕೆ ನಾನೇ ತಲೆದೂಗಿದೆ. ಸ್ಥಳ ಪರಿಶೀಲನೆಯ ಶಾಸ್ತ್ರವೊಂದು ಬಾಕಿಯಿತ್ತು.

ಅದಕ್ಕೆಂದು ಹೊರಟ ಗುರುವಾರ ಶೇರ್ ಆಟೋದಲ್ಲಿ ನನ್ನ ಪಕ್ಕ ಕೂತವಳು ಲಕ್ಷ್ಮಕ್ಕ, ಅದೇ ಹಳ್ಳಿಯ ಕುರಿ ಸಾಕುವ ಮನೆಯಾಕೆ, ಹತ್ತಿ ಹೊಲದ ಕೂಲಿಗೂ ಹೋಗುವವಳು. ‘ಮ್ಯಾನೇಜರ್ ಸಾರ್ ಅಲ್ರೀ? ನಿಮ್ಮ ಬ್ಯಾಂಕಿನಿಂದನ ಬರಾಕತ್ತೀನಿ’ ಎಂದಳು. ನಿಮ್ಮೂರಿನವರಿಗೆ ಉಳಿತಾಯದ ಅಭ್ಯಾಸವೇ ಇಲ್ಲವಂತಲ್ಲಮ್ಮಾ ಎಂದು ನಾನು ಬೋಧನೆಗಿಳಿದೆ.

‘ಯಾರಂದ್ರು ಸಾರ್ ಹಂಗಂತ? ಅಂದೋರ ಬಾಯಾಗ ಮಣ್ಣು ಬೀಳ!’

ಮೆಲ್ಲಗೆ ಬಾಯಿ ಒರೆಸಿಕೊಂಡೆ. ಅವಳು ಬಟ್ಟೆಯ ಚೀಲ ಬಿಚ್ಚಿದಳು. ಒಂದು ಕಟ್ಟು ಪಾಸ್‌ಬುಕ್. ಎಲ್ಲದರ ಮೇಲೂ ನನ್ನದೇ ಶಾಖೆಯ ಮುದ್ರೆ.

‘ಗುರುವಾರಕ್ಕೊಬ್ರ ಪಾಳಿ ಸಾರ್. ಪಾಳಿ ಬಂದಾಕಿ ಓಣಿಯವ್ರ ರೊಕ್ಕ ಎಲ್ಲಾ ಒಯ್ದು ಕಟ್ಟಿ ಬರಬೇಕು. ಆಕಿಗೆ ಆವತ್ತಿನ ಕೂಲಿ ಹೋತು. ನಮ್ಮೂರಾಗ ಬ್ಯಾಂಕ್ ಐತೇನ್ರಿ, ಅಲ್ಲೇ ಕಟ್ಟಾಕ?’

ಠೇವಣಿಯನ್ನು ಆ ಅಂಕಿಅಂಶದಲ್ಲಿ ಬರೆಯುವುದು ಶಾಖೆಯಿರುವ ಊರಿನ ಹೆಸರಿಗೆ, ದುಡಿದವರ ಊರಿನ ಹೆಸರಿಗಲ್ಲ. ಬ್ಯಾಂಕೇ ಇಲ್ಲದ ಊರಲ್ಲಿ ಬ್ಯಾಂಕ್ ಠೇವಣಿ ಇರುವುದಿಲ್ಲವೆಂಬ ಮಹಾಸತ್ಯವನ್ನು ಶೋಧಿಸಿ, ಅದಕ್ಕಾಗಿ ಊರನ್ನೇ ಬೈದವನನ್ನು ಏನೆಂದು ಕರೆಯಬೇಕು, ನೀವೇ ಹೇಳಿ. ಹೋದ ವರ್ಷ ಅತ್ಯಧಿಕ ಠೇವಣಿ ತಂದನೆಂದು ನನಗೆ ಹೊದಿಸಿದ ಶಾಲಿನಲ್ಲಿ ಇವರ ಕೂಲಿಯೂ ಇತ್ತು. ನಾಚಿಕೆಯಾಯಿತು.

ನಾಚಿಕೆಯಾದ ಮಾತ್ರಕ್ಕೆ ಮನುಷ್ಯ ಸುಧಾರಿಸುತ್ತಾನೆಂದು ಭಾವಿಸಬೇಡಿ. ಅಲ್ಲಿ ಶಾಖೆಯಾದರೆ ನನ್ನ ಠೇವಣಿ ಇಳಿಯುತ್ತದೆ, ಮೇಲಿನವರ ಕಣ್ಣು ಕೆಂಪಾಗುತ್ತದೆ. ವರದಿಯನ್ನು ಒಂದು ವಾರ ಮೇಜಿನ ಖಾನೆಯಲ್ಲಿ ಮಲಗಿಸಿದೆ. ಮರು ಗುರುವಾರ ಅದೇ ಚೀಲ ಹಿಡಿದು ಇನ್ನೊಬ್ಬಾಕೆ ನಮ್ಮ ಶಾಖೆಯ ಸಾಲಿನಲ್ಲಿ ನಿಂತಿದ್ದಳು. ತಡೆಯಲಾಗಲಿಲ್ಲ, ಶಾಖೆ ಬೇಕೇ ಬೇಕೆಂದು ಬರೆದು ಕಳಿಸಿಬಿಟ್ಟೆ.

ಶಾಖೆ ಆಯಿತು. ನಮ್ಮ ಠೇವಣಿ ಇಳಿಯಿತು. ಕಾರಣ ಕೇಳಿ ಪತ್ರವೂ ಬಂತು. ಅದನ್ನು ಜೇಬಿನಲ್ಲಿಟ್ಟುಕೊಂಡೇ ಒಂದು ಗುರುವಾರ ಆ ಹೊಸ ಶಾಖೆಗೆ ಹೋದೆ. ಮಧ್ಯಾಹ್ನ ಲಕ್ಷ್ಮಕ್ಕ ಬಿರಬಿರನೆ ಬಂದಳು, ತಲೆಗೂದಲಲ್ಲಿ ಹತ್ತಿಯ ಎಳೆ. ತನ್ನದೊಂದೇ ಪುಸ್ತಕವನ್ನು ಕೌಂಟರಿಗೆ ಚಾಚಿದಳು. ನನ್ನತ್ತ ತಿರುಗಿಯೂ ನೋಡಲಿಲ್ಲ.

‘ಜಲ್ದಿ ಮಾಡ್ರಿ ಸಾರ್’ ಎಂದಳು ಒಳಗಿದ್ದವನಿಗೆ, ‘ಊಟಕ್ಕ ಬಿಟ್ಟಾರ, ತಿರುಗಿ ಹೊಲಕ್ಕ ಹೋಗ್ಬೇಕು.’