ಪಾನಾ ಮುಟ್ಟದ ಮಿಸ್ತ್ರಿ

ಹೋದ ವಾರ ಕಿತ್ತೂರಿನಿಂದ ಒಂದು ಕಾರು ನನ್ನ ಗ್ಯಾರೇಜಿಗೆ ಬಂದಿತ್ತು. ಗೇರ್‌ಬಾಕ್ಸಿನ ಎಣ್ಣೆ ಇಳಿಸಲು ಪಾನಾ ಹಚ್ಚಿ ಕೆಳಗಿನ ಬೋಲ್ಟ್ ಸಡಿಲಿಸಿದೆನೋ ಇಲ್ಲವೋ, ಸುಟ್ಟ ಎಣ್ಣೆಯ ಘಾಟು ಮೂಗಿಗೆ ಹೊಡೆಯಿತು. ತಳ ಹತ್ತಿದ ಪಾತ್ರೆಯದೇ ವಾಸನೆ. ಬೈಲಹೊಂಗಲದ ಮಿಸ್ತ್ರಿ ಕಾಕಾ ನೆನಪಾದರು... ಆ ನೆನಪಿನ ಬೆನ್ನಿಗೇ ನನ್ನ ಮೇಲೆ ನನಗೇ ಸಿಟ್ಟೂ ಬಂತು.

ಅವರು ನಮ್ಮ ಓಣಿಯವರು. ಮಾರ್ಕೆಟ್ ಯಾರ್ಡಿಗೆ ಹೋಗುವ ದಾರಿಯಲ್ಲಿ ಅವರ ತಗಡಿನ ಗ್ಯಾರೇಜು. ಒಳಗೆ ಗೋಡೆಯ ಮೇಲೆ ಬುದ್ಧನ ಫೋಟೊ, ಅದರ ಕೆಳಗೆ ಸಾಲಾಗಿ ತೂಗುಹಾಕಿದ ಪಾನಾಗಳು. ಟ್ರ್ಯಾಕ್ಟರೇ ಬರಲಿ, ಕಾರೇ ಬರಲಿ, ಚಪ್ಪಲಿ ಬಿಟ್ಟೇ ಗಾಡಿ ಹತ್ತುತ್ತಿದ್ದರು. ಹೊಸಬರು ಅದನ್ನು ಭಕ್ತಿ ಎಂದುಕೊಳ್ಳುತ್ತಿದ್ದರು. ಭಕ್ತಿಯೇನಲ್ಲ, ಗಾಡಿಯ ನಡುಕ ಅಂಗಾಲಿಗೆ ತಿಳಿಯಬೇಕು. ಅವರದು ಇನ್ನೊಂದು ನೇಮವಿತ್ತು. ಕಂಪನಿಯ ಗ್ಯಾರಂಟಿ ಮುಗಿಯದ ಗಾಡಿಗೆ ಪಾನಾ ಹಚ್ಚುತ್ತಿರಲಿಲ್ಲ. ರೋಗ ಏನೆಂದು ಹೇಳಿ ಕಳಿಸುತ್ತಿದ್ದರು, ಅಷ್ಟೇ.

ಆಗ ನಾನು ಶಹರದ ಒಂದು ದೊಡ್ಡ ವರ್ಕ್‌ಶಾಪಿನಲ್ಲಿ ನೌಕರಿಗಿದ್ದೆ. ನಮ್ಮಲ್ಲೇ ಸರ್ವೀಸ್ ಆಗಿ ಹೋದ ಸ್ಪೋರ್ಟ್ಸ್ ಕಾರು ಗೇರ್ ಬದಲಾಗುವಾಗ ಜಗ್ಗುತ್ತಿದೆ ಎಂದು ಬೈಲಹೊಂಗಲದ ಕಾಂಟ್ರಾಕ್ಟರ್ ಒಬ್ಬ ದೂರಿದ. ಲ್ಯಾಪ್‌ಟಾಪ್ ಕೊಟ್ಟು ನನ್ನನ್ನು ಕಳಿಸಿದರು. ಅದರದು ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸು. ಒಂದು ಕ್ಲಚ್ಚು ಒಂದು, ಮೂರು, ಐದನೇ ಗೇರಿಗೆ. ಇನ್ನೊಂದು ಎರಡು, ನಾಲ್ಕು, ಆರಕ್ಕೆ. ಒಂದು ಬಿಡುವಷ್ಟರಲ್ಲಿ ಇನ್ನೊಂದು ಹಿಡಿಯಬೇಕು, ಕೂತವರಿಗೆ ಗೊತ್ತೇ ಆಗಬಾರದು. ಲ್ಯಾಪ್‌ಟಾಪ್ ಹಚ್ಚಿ ನೋಡಿದರೆ ಒಂದು ದೋಷವನ್ನೂ ತೋರಿಸಲಿಲ್ಲ. ತಲೆ ಕೆಟ್ಟು, ನಾನೇ ಹೋಗಿ ಕಾಕಾ ಅವರನ್ನು ಕರೆತಂದೆ.

ಇದ್ದದ್ದು ಎರಡೇ ಸೀಟು. ನಾನು ಓಡಿಸಬೇಕು, ಅವರು ಪಕ್ಕದಲ್ಲಿ ಕೂರಬೇಕು. ಅವರು ಹತ್ತುವ ಮೊದಲೇ ಕಾಂಟ್ರಾಕ್ಟರ್ ಆ ಸೀಟಿಗೆ ಪೇಪರ್ ಹಾಸಿದ. ನನ್ನ ಪ್ಯಾಂಟಿಗೂ ಅಷ್ಟೇ ಗ್ರೀಸ್ ಮೆತ್ತಿತ್ತು. ನನ್ನ ಸೀಟಿಗೆ ಹಾಸಲಿಲ್ಲ. ಗ್ರೀಸಿಗಾಗಿ ಅಲ್ಲ, ಕಾಕಾ ಅವರ ಜಾತಿಗಾಗಿ ಹಾಸಿದ್ದೆಂದು ಮೂವರಿಗೂ ಗೊತ್ತಿತ್ತು. ನನ್ನ ಮೈ ಉರಿಯಿತು, ಆದರೂ ಹೋಗಿ ಸ್ಟೀರಿಂಗ್ ಮುಂದೆ ಕುಳಿತೆ. ಕಾಕಾ ಚಪ್ಪಲಿ ಕಳಚಿದರು, ಪೇಪರ್ ಮಡಚಿ ಕಂಕುಳಲ್ಲಿ ಇಟ್ಟುಕೊಂಡರು, ಬರೀ ಸೀಟಿನ ಮೇಲೆ ಆರಾಮಾಗಿ ಕುಳಿತರು. ಕಾಂಟ್ರಾಕ್ಟರನ ಮುಖ ಕಪ್ಪಿಟ್ಟಿತು.

ಸವದತ್ತಿಯ ಕಡೆ ಹೊರಟೆವು. ಮೊದಮೊದಲು ಕಾರು ಸರಾಗವಾಗಿ ಹೋಯಿತು. ಕಾಕಾ ಕಣ್ಣು ಮುಚ್ಚಿದ್ದರು... ನಿದ್ದೆ ಹತ್ತಿತೇನೋ ಅಂದುಕೊಂಡೆ. ಗುಡ್ಡದ ಏರಿಗೆ ಬಂದು ಗೇರ್‌ಬಾಕ್ಸು ಕಾದದ್ದೇ ಜಗ್ಗಾಟ ಶುರುವಾಯಿತು. ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ, ಪ್ರತಿ ಸಲವೂ.

"ತಮ್ಮಾ, ಕ್ಲಚ್ ಒಂದ ಕೆಟ್ಟಿದ್ರ ಒಂದ ಗೇರ್ ಬಿಟ್ಟ ಒಂದಕ್ಕ ತ್ರಾಸ ಕೊಡತಿತ್ತು. ಇದು ಎಲ್ಲಾದಕ್ಕೂ ಜಗ್ಗಾಕ ಹತ್ತೇತಿ, ಅದೂ ಕಾದ ಮ್ಯಾಲೆ. ಎರಡೂ ಕ್ಲಚ್ಚಿಗೆ ಕೂಡಿ ಇರೂದು ಎಣ್ಣಿ. ಎಣ್ಣಿ ನೋಡು," ಎಂದರು.

ಊರಿಗೆ ಮರಳಿ, ಕಾಂಟ್ರಾಕ್ಟರನ ಎದುರಿಗೇ ಬೋಲ್ಟ್ ತೆಗೆದವನು ನಾನು. ಗ್ಯಾರಂಟಿ ಮುಗಿಯದ ಗಾಡಿ, ಕಾಕಾ ಕೈಕಟ್ಟಿ ನಿಂತಿದ್ದರು. ಮಡಚಿದ ಪೇಪರ್ ಮುಂದೆ ಚಾಚಿ ಅದರ ಮೇಲೆ ಒಂದು ಹನಿ ಹಾಕಿಸಿಕೊಂಡರು. ಅದರ ಬಣ್ಣ ನೋಡಿದರು, ಮೂಸಿದರು.

"ಇದಕ್ಕ ಇದರ ಎಣ್ಣಿ ಹಾಕಿಲ್ರಿ ಸಾಹೇಬ್ರ. ಬ್ಯಾರೆ ಗೇರ್‌ಬಾಕ್ಸಿಂದು ಹಾಕ್ಯಾರ. ಹಿಂಗ ಓಡಿಸಿದ್ರ ಕ್ಲಚ್ ಸುಟ್ಟ ಹೋಗತಾವ."

ಆ ಎಣ್ಣೆ ಹಾಕಿದ್ದು ನಮ್ಮ ವರ್ಕ್‌ಶಾಪು. ಪರೀಕ್ಷೆ ಮಾಡಿಸಿದಾಗ ಕಾಕಾ ಹೇಳಿದ್ದೇ ನಿಜವಾಯಿತು. ಒಪ್ಪಿಕೊಂಡು ಸರಿಮಾಡಿ ಕೊಟ್ಟಿದ್ದರೆ ಮುಗಿಯುತ್ತಿತ್ತು. ಮ್ಯಾನೇಜರ್ ಹಾಗೆ ಮಾಡಲಿಲ್ಲ. ಹೊರಗಿನ ಮಿಸ್ತ್ರಿಯೊಬ್ಬ ಗೇರ್‌ಬಾಕ್ಸ್ ಬಿಚ್ಚಿ ಕೈಗೆ ಸಿಕ್ಕ ಎಣ್ಣೆ ಸುರಿದಿದ್ದಾನೆ ಎಂದು ಕಾಗದ ತಯಾರಿಸಿದ. ಎಂಥ ಹಸಿ ಸುಳ್ಳು! ಕೆಳಗೆ ನನ್ನ ಸಹಿ ಬೇಕಿತ್ತು. ಆಗುವುದಿಲ್ಲ ಎಂದೆ. ನೌಕರಿ ಬೇಕೋ ಬೇಡವೋ ಎಂದು ಕೇಳಿದ. ಸಹಿ ಹಾಕಿದೆ.

ಕಾಂಟ್ರಾಕ್ಟರ್ ಎಲ್ಲವನ್ನೂ ಕಣ್ಣಾರೆ ಕಂಡಿದ್ದ. ಆದರೂ, ರಿಪೇರಿ ಖರ್ಚು ತನ್ನ ಮೈಮೇಲೇ ಬಂದರೂ, ಆ ಕಾಗದ ಅವನಿಗೆ ಹಿತವಾಯಿತು. ಬರೀ ಸೀಟಿನ ಮೇಲೆ ಕುಳಿತವರನ್ನು ಅವನು ಕ್ಷಮಿಸಿರಲಿಲ್ಲ. ಬಜಾರಿನಲ್ಲಿ, ಚಹಾದಂಗಡಿಯಲ್ಲಿ, ಕಂಡಕಂಡವರಿಗೆಲ್ಲ ತೋರಿಸಿಕೊಂಡು ತಿರುಗಿದ. ಊರೂ ನಂಬಿತು. ಮೂವತ್ತು ವರ್ಷ ಅವರ ಕೈಯಲ್ಲೇ ಗಾಡಿ ರಿಪೇರಿ ಮಾಡಿಸಿಕೊಂಡ ಊರು! ವರ್ಷ ತಿರುಗುವುದರೊಳಗೆ ಅವರ ಗ್ಯಾರೇಜಿಗೆ ಕಾರು ಬರುವುದು ನಿಂತಿತು. ಹೊಲಕ್ಕೆ ಔಷಧ ಹೊಡೆಯುವ ಪಂಪುಗಳ ರಿಪೇರಿಯಷ್ಟೇ ಉಳಿಯಿತು. ಓಣಿಯಲ್ಲಿ ಎದುರಾದಾಗ "ಆರಾಮ ಅದೀಯೇನೋ ತಮ್ಮಾ?" ಎಂದು ಮೊದಲಿನಂತೆಯೇ ಕೇಳುತ್ತಿದ್ದರು. ನಾನು ಫೋನು ನೋಡುವವನ ಹಾಗೆ ನಟಿಸಿ ದಾಟಿ ಹೋಗುತ್ತಿದ್ದೆ... ನಾಚಿಕೆಗೇಡು.

ಆ ನೌಕರಿಯಲ್ಲೇ ಮುಂದುವರಿದೆ, ಬಡ್ತಿಯನ್ನೂ ತೆಗೆದುಕೊಂಡೆ. ಅದನ್ನು ಬಿಟ್ಟು ಸ್ವಂತ ಗ್ಯಾರೇಜು ಹಾಕುವ ಹೊತ್ತಿಗೆ ಕಾಕಾ ತೀರಿಕೊಂಡಿದ್ದರು. ಅವರ ಮನೆಗೆ ಹೋಗುವ ಧೈರ್ಯ ಇಷ್ಟು ದಿನ ಬಂದಿರಲಿಲ್ಲ. ಹೋದ ವಾರ ಕಿತ್ತೂರಿನ ಆ ಕಾರಿನ ಕೆಲಸ ಅರ್ಧಕ್ಕೆ ಬಿಟ್ಟು ಹೋದೆ. ಕಾಕಾ ಅವರ ಹೆಂಡತಿ, ನಮ್ಮ ಕಾಕೂ, ಒಬ್ಬರೇ ಜೋಳ ಹಸನು ಮಾಡುತ್ತಾ ಕುಳಿತಿದ್ದರು. ಆ ಕಾಗದದ ಮೇಲಿನ ಸಹಿ ನನ್ನದೆಂದು ಹೇಳಿದೆ.

ಮೊರ ಬದಿಗಿಟ್ಟರು. "ಗೊತ್ತೈತಿ. ಅವರಿಗೂ ಗೊತ್ತಿತ್ತು. ಹುಡುಗಂದು ಹೊಸಾ ಸಂಸಾರ, ನೌಕರಿ ಹೋದ್ರ ಏನ ಮಾಡ್ಯಾನು, ಯಾರ ಮುಂದೂ ಅವನ ಹೆಸರ ತಗೀಬ್ಯಾಡ ಅಂತ ನನಗ ಆಣಿ ಹಾಕಿದ್ರು. ಅದಕ್ಕ ನಾ ಸುಮ್ಮನಿದ್ದೆ. ನೀ ಯಾಕ ಸುಮ್ಮನಿದ್ದಿ ತಮ್ಮಾ?"

ಕಾಕಾ ಆ ಕಾರಿಗೆ ಪಾನಾ ಮುಟ್ಟಿಸಿರಲಿಲ್ಲ, ಬೋಲ್ಟ್ ತೆಗೆದವನು ನಾನು. ಇಷ್ಟನ್ನು ಅವರು ಬದುಕಿದ್ದಾಗ ಬಜಾರಿನಲ್ಲಿ ನಿಂತು ಕೂಗಿ ಹೇಳಬೇಕಿತ್ತು. ಈಗ ಹೇಳುತ್ತಿದ್ದೇನೆ, ಕೇಳಲು ಅವರಿಲ್ಲ.