ಕೊರೆದು ಕೂಡಿಸಿದ ಗ್ಯಾಸ್ಕೆಟ್

ನಮ್ಮ ಕಾರು ಗ್ಯಾರೇಜಿಗೆ ಹೋದ ವಾರವೇ ಮಾನ್ವಿಯಿಂದ ಫೋನ್ ಬಂತು. ಚಿಗವ್ವ ಊಟ ಬಿಟ್ಟಿದ್ದಾಳೆ, ಕಣ್ಣು ತೆರೆದಾಗಲೆಲ್ಲ "ದೊಡ್ಡಾಕಿ ಬಂದ್ಲೇನು?" ಎಂದು ಕೇಳುತ್ತಾಳೆ ಎಂದು ಆಕೆಯ ಸೊಸೆ ಹೇಳಿದಳು. ದೊಡ್ಡಾಕಿ ಎಂದರೆ ದೇವದುರ್ಗದಲ್ಲಿರುವ ನನ್ನ ಅಕ್ಕ. ಅವ್ವ ತೀರಿಕೊಂಡ ಮೇಲೆ ಅಕ್ಕನನ್ನು ಮಡಿಲಲ್ಲಿ ಹಾಕಿಕೊಂಡು ಬೆಳೆಸಿದವಳು ಅವ್ವನ ತಂಗಿ, ಈ ಚಿಗವ್ವ. ನನ್ನನ್ನು ಕಾನ್ವೆಂಟಿನ ಬೋರ್ಡಿಂಗಿಗೆ ಕಳಿಸಿದರು. ಅಲ್ಲಿ ಟೇಬಲ್ ಮ್ಯಾನರ್ಸ್ ಕಲಿತೆ, ಚರ್ಚಿನ ಹಿಮ್ಸ್ ಹಾಡಲು ಕಲಿತೆ; ಮಡಿಲು ಎಂಬುದು ಅಕ್ಕನ ಪಾಲಿಗೇ ಹೋಯಿತು.

ಅಕ್ಕನಿಗೆ ಸೊಂಟದ ಆಪರೇಶನ್ ಆಗಿದೆ. ಒಳಗೆ ಕೂಡಿಸಿದ ಸ್ಟೀಲಿನ ಗುಂಡು ಆಕೆಗೆ ಒಗ್ಗಲೇ ಇಲ್ಲ, ಕಾಲು ಮಡಚಲು ಬರುವುದಿಲ್ಲ. ಈಗಿನ ಎತ್ತರದ ಟ್ಯಾಕ್ಸಿಗೆ ಒಮ್ಮೆ ಹತ್ತಿಸಲು ಹೋದಾಗ ನೋವಿಗೆ ಎಚ್ಚರ ತಪ್ಪಿದ್ದಳು. ನನ್ನ ಯಜಮಾನರು ಬಿಟ್ಟುಹೋದ ಹಳೆಯ ಕಾರೊಂದೇ ಆಕೆಗೆ ಸರಿ. ಅದರ ಮುಂದಿನ ಸೀಟು ಬೆಂಚಿನ ಹಾಗೆ ಉದ್ದ, ತಗ್ಗು ಕೂಡ. ಹಿಮ್ಮುಖವಾಗಿ ಕೂತು, ಜಾರಿಕೊಂಡು, ಕಾಲು ಚಾಚಿ ಒಳಗೆ ಸೇರಿಕೊಳ್ಳುತ್ತಾಳೆ. ಆ ಕಾರು ಈಗ ರಾಯಚೂರಿನ ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚಿಸಿಕೊಂಡು ನಿಂತಿತ್ತು.

ಹೆಡ್ ಗ್ಯಾಸ್ಕೆಟ್ ಸುಟ್ಟಿತ್ತು. ಎಂಜಿನ್ನಿನ ಮೇಲರ್ಧಕ್ಕೂ ಕೆಳಗರ್ಧಕ್ಕೂ ನಡುವೆ ಕೂಡುವ ತೆಳುವಾದ ಹಾಳೆ, ಅಷ್ಟೇ. ಆದರೆ ಈ ಮಾಡೆಲ್ ತಯಾರಾಗುವುದು ನಿಂತು ಎಷ್ಟೋ ಕಾಲವಾಗಿದೆ. ಹೈದರಾಬಾದಿನಿಂದ ಬಂದ ಮೊದಲನೆಯದು ದಪ್ಪ ಹೆಚ್ಚಾಯಿತು. ಎರಡನೆಯದರ ಪ್ಯಾಕೆಟ್ ಮೇಲೆ ನಮ್ಮ ಕಾರಿನ ಹೆಸರೇ ಇತ್ತು. ಮಿಸ್ತ್ರಿ ಅದನ್ನು ಎಂಜಿನ್ ಮೇಲಿಟ್ಟು ಒಂದೊಂದೇ ತೂತಿನ ಮೇಲೆ ಬೆರಳಾಡಿಸಿದ.

"ಬೋಲ್ಟಿನ ತೂತು ಕೂಡ್ತಾವ್ರಿ ಮೇಡಂ, ನೀರಿನ ತೂತು ಕೂಡವಲ್ವು. ಹೆಸರು ನಿಮ್ಮ ಗಾಡೀದು, ಮೈ ಯಾರದೋ. ಇನ್ನೊಂದು ತರಸ್ತೀನಿ, ಒಂದು ವಾರ ತಾಳ್ರಿ."

"ನಾ ತಾಳ್ತೀನಿ. ಮಾನ್ವ್ಯಾಗ ತಾಳಂಗಿಲ್ಲಪ್ಪಾ."

"ಹಂಗಾದ್ರ ಇದನ್ನ ಕೊರದು ಕೂಡಸ್ತೀನಿ. ಗ್ಯಾರಂಟಿ ಮಾತ್ರ ಕೇಳಬ್ಯಾಡ್ರಿ. ಕಾವಿನ ಸೂಜಿ ಮ್ಯಾಲೆ ಹೋತಂದ್ರ ನಿಂದರಸ್ರಿ. ತಣ್ಣಗಾಗತನಾ ರೇಡಿಯೇಟರಿನ ಮುಚ್ಚಳ ಮುಟ್ಟಬ್ಯಾಡ್ರಿ."

ಮರುದಿನ ಬೆಳಿಗ್ಗೆ ನಾನೇ ಡ್ರೈವ್ ಮಾಡಿಕೊಂಡು ದೇವದುರ್ಗಕ್ಕೆ ಹೋದೆ. ಸೂಜಿ ಅರ್ಧದಲ್ಲೇ ನಿಂತಿತ್ತು. ಅಕ್ಕ ಇಳಕಲ್ ಸೀರೆ ಉಟ್ಟು, ಚಿಗವ್ವನಿಗೆಂದು ಗೋಧಿ-ಬೆಲ್ಲದ ಮಾದಲಿಯನ್ನು ಹಾಲಿನಲ್ಲಿ ನೆನೆಸಿ ತುಂಬಿದ ಡಬ್ಬಿ ಹಿಡಿದು ಬಾಗಿಲಲ್ಲೇ ಕೂತಿದ್ದಳು. ಕೊರೆದು ಕೂಡಿಸಿದ ಕಥೆ ಕೇಳಿ ನಕ್ಕಳು.

"ನನ್ನ ಸೊಂಟದ ಡಾಕ್ಟರೇ ಗಂಟು ಬಿದ್ದಾನೇನ ಬೇ ನಿನ್ನ ಕಾರಿಗೂ?"

ಸಿರವಾರಕ್ಕೆ ಇನ್ನೂ ದೂರವಿರುವಾಗಲೇ ಸೂಜಿ ಏರಿತು. ಕಾಲುವೆಯ ಪಕ್ಕದಲ್ಲಿ ನಿಲ್ಲಿಸಿದೆ. ಬಾನೆಟ್ಟಿನ ಸಂದಿಯಿಂದ ಹಬೆ ಬರುತ್ತಿತ್ತು. ಸುತ್ತ ಭತ್ತದ ಗದ್ದೆ, ಒಂದು ಮರದ ನೆರಳಿಲ್ಲ. ಅಕ್ಕ ಇಳಿಯುವಂತಿಲ್ಲ. ಬಾಗಿಲು ತೆರೆದಿಟ್ಟು ನ್ಯೂಸ್‌ಪೇಪರಿನಿಂದ ಗಾಳಿ ಹಾಕುತ್ತಿದ್ದೆ. ಫೋನ್ ಬಂತು.

"ಎಲ್ಲಿದ್ದೀರಿ ಯವ್ವಾ? ಬಾಗಲ ಕಡೆನ ಮಾರಿ ಮಾಡ್ಯಾಳ್ರಿ," ಎಂದಳು ಸೊಸೆ.

ಅಕ್ಕ ನನ್ನ ಕೈಯಿಂದ ಫೋನ್ ಕಸಿದುಕೊಂಡಳು. "ಆಕಿ ಕಿವಿಗೆ ಹಿಡಿ. ಚಿಗವ್ವಾ, ನಾನವ್ವಾ. ಬರಾಕತ್ತೀನಿ. ಸಿರವಾರ ದಾಟೀನಿ." ಆ ಕಡೆಯಿಂದ ಉಸಿರಿನ ಸದ್ದು ಮಾತ್ರ ಕೇಳಿಸುತ್ತಿತ್ತು. ಫೋನ್ ಇಟ್ಟ ಮೇಲೆ ಅಕ್ಕ ಗದ್ದೆಯ ಕಡೆ ನೋಡುತ್ತ ಕೂತಳು. ಸಿರವಾರ ಎಲ್ಲಿ, ನಾವೆಲ್ಲಿ.

ತಣಿಸಿ, ಕಾಲುವೆ ನೀರು ಹಾಕಿ ಹೊರಟೆವು. ಸಿರವಾರ ನಿಜವಾಗಿ ದಾಟಿದ ಮೇಲೆ ಮತ್ತೆ ನಿಲ್ಲಬೇಕಾಯಿತು. ಈ ಸಲ ಫೋನ್ ಬರಲಿಲ್ಲ. ನಾವೂ ಮಾಡಲಿಲ್ಲ.

ಮಾನ್ವಿಯ ಓಣಿಯಲ್ಲಿ ಜನ ನಿಂತಿದ್ದರು. ನಮ್ಮವರಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಚಿಗವ್ವನನ್ನು ಹೊರಗಿನ ಕಟ್ಟೆಯ ಮೇಲೆ ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆತುಂಬ ವಿಭೂತಿ, ಕೊರಳಲ್ಲಿ ಹೂವು. ಪಕ್ಕದಲ್ಲಿ ಭಜನೆ ನಡೆದಿತ್ತು. ಕಾರನ್ನು ಕಟ್ಟೆಗೆ ತಾಗುವಷ್ಟು ಹತ್ತಿರ ತಂದು ನಿಲ್ಲಿಸಿದೆ. ಇಳಿಸಲು ಬಂದವರಿಗೆ ಅಕ್ಕ ಬೇಡವೆಂದಳು. ಅಷ್ಟು ದೂರ ಕೂತು ಕಾಲು ಮರಗಟ್ಟಿತ್ತು. ಕಿಟಕಿಯಿಂದ ಕೈ ಚಾಚಿ ಚಿಗವ್ವನ ಪಾದ ಹಿಡಿದುಕೊಂಡಳು.

"ಹೆಂಗ ಕುಂತಾಳ ನೋಡು," ಎಂದಳು ನನಗೆ. "ನಾ ಬರತನಾ ಏಳಂಗಿಲ್ಲಂತ ಕುಂತಾಳ."

ಮಾದಲಿಯ ಡಬ್ಬಿ ಆಕೆಯ ತೊಡೆಯ ಮೇಲೇ ಇತ್ತು. ಎತ್ತಿ ಸೊಸೆಗೆ ಕೊಡೋಣವೆಂದರೆ ನನಗೆ ಧೈರ್ಯ ಬರಲಿಲ್ಲ.

ಚಿಗವ್ವನನ್ನು ಕೂಡಿಸಿ ಹೊರುವ ಹೂವಿನ ವಿಮಾನ ಸಿದ್ಧವಾಯಿತು. ಅದು ಹೋಗಬೇಕಾದ ದಾರಿಗೆ ನಮ್ಮ ಕಾರು ಅಡ್ಡ. ಕೀಲಿ ತಿರುಗಿಸಿದೆ, ಮತ್ತೆ ತಿರುಗಿಸಿದೆ. ಎಂಜಿನ್ ಕೆಮ್ಮಲೂ ಇಲ್ಲ. "ಸಾರಿ," ಎಂದೆ, ಯಾರಿಗೆಂದು ತಿಳಿಯದೆ.

ಹಿರಿಯರೊಬ್ಬರು ಬಗ್ಗಿ ನೋಡಿದರು. "ಇರಲಿ ತಾಯಿ, ನೀವು ಇಳಿಬ್ಯಾಡ್ರಿ. ಸ್ಟೇರಿಂಗ್ ಹಿಡಕೊಂಡು ಕುಂದರ್ರಿ."

ವಿಮಾನ ಹೊರಲು ಬಂದವರೇ ಮುಂದೆ ನಿಂತು ಕಾರಿಗೆ ಹೆಗಲು ಕೊಟ್ಟರು. ಹಿಂದಕ್ಕೆ ತಳ್ಳುತ್ತಿದ್ದುದರಿಂದ ನಮ್ಮ ಮುಖ ಚಿಗವ್ವನ ಕಡೆಗೇ ಇತ್ತು. ಕಟ್ಟೆ ಮೆಲ್ಲಗೆ ದೂರವಾಯಿತು. ಅಕ್ಕ ಕಿಟಕಿಯಿಂದ ಹೊರಗೆ ಚಾಚಿದ್ದ ಕೈಯನ್ನು ಒಳಗೆ ತೆಗೆದುಕೊಳ್ಳಲಿಲ್ಲ.