ಕಾಗೆ ಕಾಲಿನ ಗುರುತು

ಅತ್ತೆಯ ಬಲಗೈ ತೋರುಬೆರಳು ನೆಟ್ಟಗಾಗುತ್ತಿರಲಿಲ್ಲ. ಎಂದೋ ಬೀಸುವ ಕಲ್ಲಿಗೆ ಸಿಕ್ಕಿ ನಡುಗಂಟಿನಲ್ಲಿ ಬಾಗಿತ್ತು. ಆ ಭಾನುವಾರ ಬೆಳಿಗ್ಗೆಯೂ ಆ ಬೆರಳಿನಲ್ಲೇ ರೊಟ್ಟಿ ತಟ್ಟಿದರು. ಸೀತಾಬರ್ಡಿ ಪೇಟೆಯ ಹಣ್ಣಿನವಳ ಹತ್ತಿರ ಕನ್ನಡದಲ್ಲೇ ಜಗಳವಾಡಿ ಎರಡು ಕಿತ್ತಳೆ ಹೆಚ್ಚಿಗೆ ಹಾಕಿಸಿಕೊಂಡರು. ನಾಗಪುರಕ್ಕೆ ಬಂದು ವರ್ಷಗಳಾದರೂ ಅವರು ಮರಾಠಿ ಕಲಿಯಲಿಲ್ಲ. ಹಣ್ಣಿನವಳೇ ನಾಲ್ಕು ಮಾತು ಕನ್ನಡ ಕಲಿತಿದ್ದಳು. ಸಂಗ್ರಹಾಲಯದಲ್ಲಿ ಹುಲ್ಲು ತುಂಬಿದ ಹುಲಿ ಇದೆಯೆಂದು ಮೈದುನ ಹೇಳಿದ್ದ. ಅದನ್ನು ನೋಡಲು ನಾವಿಬ್ಬರೂ ಹೊರಟೆವು. ಎಲ್ಲ ದಿನಗಳಂತೆ ಶುರುವಾದ ಕೊನೆಯ ದಿನ ಅದು.

ನನ್ನ ಗಂಡ ಫೌಜಿನಲ್ಲಿದ್ದರು. ಬರ್ಮಾದ ಯುದ್ಧದಲ್ಲಿ ಕಾಣೆಯಾದರೆಂದು ತಿಳಿಸಿದರು. ಸತ್ತರೆಂದು ಯಾರೂ ಹೇಳಲಿಲ್ಲ. ಯುದ್ಧ ಮುಗಿದ ಮೇಲೆ ಅತ್ತೆಯೂ ನಾನೂ ಧಾರವಾಡದ ಕಡೆಯ ಊರು ಬಿಟ್ಟು, ರೈಲ್ವೆಯಲ್ಲಿದ್ದ ಮೈದುನನ ಕ್ವಾರ್ಟರ್ಸಿಗೆ ಬಂದೆವು. ಹಿಂದೆ ಊರಿಗೆ ಕೊನೆಯ ರಜೆಗೆ ಬಂದಾಗ ನನ್ನ ಗಂಡ ಅಡುಗೆಮನೆಯ ನೆಲದ ಮೇಲೆ ಜೋಳದ ಹಿಟ್ಟು ಹರಡಿ, ತಮ್ಮ ಮಷಿನ್ ಗನ್ನಿನ ಗುರುತು ಬರೆದು ತೋರಿಸಿದ್ದರು. ಒಂದು ತುದಿಯಲ್ಲಿ ಕೂಡುವ ಮೂರು ಗೀಟು. "ಕಾಗಿ ಕಾಲು ಇದ್ದಂಗ ಐತಿ ನೋಡವ್ವಾ" ಎಂದಿದ್ದರು. ಕೆಳಗೆ ಇಂಗ್ಲಿಷ್ ಅಂಕಿಗಳನ್ನೂ ಬರೆದರಂತೆ. ಅತ್ತೆಗೆ ಅಂಕಿ ಬಾರದು. ನಾನು ಒಲೆಯ ಕಡೆ ಮುಖ ಮಾಡಿದ್ದೆ.

ಹುಲಿಗಿಂತ ಮೊದಲು ಬಂದೂಕುಗಳ ಕೋಣೆ. ಮೂರು ಕಾಲಿನ ಮೇಲೆ ನಿಂತ ಹಳೆಯ ಮಷಿನ್ ಗನ್ನಿನ ಮುಂದೆ ಅತ್ತೆ ತಡೆದು ನಿಂತರು. ಹಗ್ಗದ ಕೆಳಗೆ ನುಸುಳಿ, ಬಾಗಿದ ಬೆರಳನ್ನು ಅದರ ಪಕ್ಕೆಯ ಮೇಲಿಟ್ಟರು.

"ಆಯಿ! ಹಾತ್ ಮತ್ ಲಗಾವ್!" ಕಾವಲುಗಾರ ಕೂಗಿದ. ಬಿಳಿ ಮೀಸೆಯ ಮಾಜಿ ಸಿಪಾಯಿ.

"ಮುಟ್ಟಿದ್ರ ಸವದ ಹೊಕ್ಕೈತೇನೋ ನಿನ್ನ ಗನ್ನು, ಮೀಶಿಮಾವಾ?" ಎಂದವರೇ ನನ್ನ ಕಡೆ ತಿರುಗಿದರು. "ಏ ತಂಗೀ, ಬಾ ಇಲ್ಲೆ. ಕಾಗಿ ಕಾಲು!"

ಇತ್ತು. ಕಬ್ಬಿಣದಲ್ಲಿ ಒತ್ತಿದ ಮೂರು ಗೀಟು. ಹುಲಿಯನ್ನು ನಾವು ನೋಡಲೇ ಇಲ್ಲ.

ಅಣ್ಣನ ಕರ್ಮ ಮಾಡಿ ಮುಗಿಸೋಣವೆಂದು ಮೈದುನ ಬಹಳ ದಿನದಿಂದ ಹೇಳುತ್ತಿದ್ದ. ಮಾಡಿದರೆ ನಾನು ಕುಂಕುಮ ಅಳಿಸಬೇಕಿತ್ತು. "ಗನ್ನು ಬಂದೈತಿ. ಹಿಡದಾಂವ ಬರೂದಿಲ್ಲೇನು?" ಎಂದು ಅತ್ತೆ ಅವನ ಬಾಯಿ ಮುಚ್ಚಿಸಿದರು. ಮಗನ ಉಣ್ಣೆಯ ಕೋಟನ್ನು ಪೆಟ್ಟಿಗೆಯಿಂದ ತೆಗೆದು ಬಿಸಿಲಿಗೆ ಹಾಕತೊಡಗಿದರು. ಇಲ್ಲಿಯ ಬಿಸಿಲಿಗೆ ಅದರ ಬಣ್ಣ ಹೋಯಿತು. ಭಾನುವಾರಗಳಂದು ಗನ್ನು ನೋಡಲು ಹೋಗುತ್ತಿದ್ದೆವು. ಕಾವಲುಗಾರನಿಗೂ ಒಂದು ಕಿತ್ತಳೆ. ನಾನೂ ನಂಬಿದ್ದೆ.

ಒಮ್ಮೆ ಅವನು ಕೇಳಿದ: "ಆಯಿ, ಹರ್ ಬಾರ್ ಇಸೀಕೋ ಕ್ಯೂಂ ದೇಖತೀ?" ಇದು ನನ್ನ ಗಂಡನ ಗನ್ನು, ಗುರುತು ಇದೆ ಎಂದು ನನಗೆ ಬರುವಷ್ಟು ಹಿಂದಿಯಲ್ಲಿ ಹೇಳಿದೆ. ಅವನು ಅತ್ತೆಯನ್ನು ಪಕ್ಕದ ಗನ್ನಿನ ಬಳಿಗೆ ಕರೆದೊಯ್ದ. ಕಾಗೆ ಕಾಲು. ಆಚೆಯ ರೈಫಲಿನ ಮೇಲೂ ಕಾಗೆ ಕಾಲು. ಗಾಜಿನೊಳಗಿದ್ದ ಸಿಪಾಯಿಯ ನೀರಿನ ಬಾಟಲಿಯ ಮೇಲೂ.

"ಸರ್ಕಾರಿ ನಿಶಾನಿ, ಆಯಿ. ಸಬ್ ಪರ್ ಹೈ."

ಸರ್ಕಾರದ ಸಾಮಾನಿಗೆಲ್ಲ ಇದೇ ಗುರುತು, ಒಂದರಿಂದ ಒಂದನ್ನು ಬೇರೆ ಮಾಡುವುದು ನಂಬರು ಮಾತ್ರ ಎಂದ. ನಂಬರು ನಮ್ಮ ಹತ್ತಿರ ಇರಲಿಲ್ಲ.

ಅತ್ತೆ ಅವತ್ತೂ ಅವನಿಗೆ ಕಿತ್ತಳೆ ಕೊಟ್ಟರು. ಬರುವಾಗ ದಾರಿಯಲ್ಲಿ, ನನ್ನ ಮುಖ ನೋಡದೆ ಹೇಳಿದರು: "ನಾ ಇರೂತನಕ ಹಣಿ ಬರಿದು ಮಾಡ್ಕೋಬ್ಯಾಡ. ನಾ ನೋಡಲಾರೆ. ಆಮ್ಯಾಲೆ ನಿಮಗ ತಿಳದಂಗ ಮಾಡ್ರಿ."

ಮತ್ತೆ ಅಲ್ಲಿಗೆ ಹೋಗಲಿಲ್ಲ. ಮುಂದಿನ ವೈಶಾಖದ ಝಳದಲ್ಲಿ ಅತ್ತೆ ತೀರಿಕೊಂಡರು. ಅವರ ಕರ್ಮಗಳು ಮುಗಿದ ಮೇಲೆ ಮೈದುನ ಭಟ್ಟರನ್ನು ನಿಲ್ಲಿಸಿಕೊಂಡ. "ವೈನಿ, ಇನ್ನ..." ಎಂದು ಅಷ್ಟಕ್ಕೇ ಬಿಟ್ಟ. ನಾನು ಹೂಂ ಎಂದೆ.

ಭಟ್ಟರು ನನ್ನ ಗಂಡ ತೀರಿದ ತಿಥಿ ಯಾವುದೆಂದು ಕೇಳಿದರು. ಗೊತ್ತಿಲ್ಲವೆಂದು ಮೈದುನ ಹೇಳಿದ. ದಿನ ಗೊತ್ತಿಲ್ಲದವರಿಗೆಲ್ಲ ಮಹಾಲಯ ಅಮಾವಾಸ್ಯೆ ಎಂದರು.

ಅತ್ತೆಯ ಶ್ರಾದ್ಧ ಪ್ರತಿ ವೈಶಾಖದಲ್ಲಿ ಅವರ ದಿನಕ್ಕೇ ಆಗುತ್ತದೆ. ಅವರ ಮಗನಿಗೆ ತನ್ನದೇ ಆದ ದಿನ ಇಲ್ಲ.